ಗಾಡಿ ಕೆಟ್ಟರೆ ಒಳಗೆ ಕೂತವರು ಯಾರ ಜವಾಬ್ದಾರಿ?

ಮೆಸೇಜು ಬಂದಾಗ ನಾನು ಸುರಪುರದ ಪೆಟ್ರೋಲ್ ಬಂಕಿನಲ್ಲಿ ಚಕ್ರಕ್ಕೆ ಗಾಳಿ ಹೊಡೆಸುತ್ತ ನಿಂತಿದ್ದೆ. ನಿಮ್ಮ ಬ್ರೇಕ್‌ಡೌನ್ ಪಾಲಿಸಿ ಮುಂದಿನ ವಾರ ಮುಗಿಯುತ್ತದೆ, ನವೀಕರಿಸಲು ಇಲ್ಲಿ ಒತ್ತಿ ಎಂದು ಬರೆದಿತ್ತು. ಕೆಳಗಿದ್ದ ದರ ನೋಡಿ, "ಇವರ ಮನಿ ಹಾಳಾಗ!" ಎಂದು ಜೋರಾಗಿಯೇ ಬೈದುಬಿಟ್ಟೆ. ಗಾಳಿ ಹೊಡೆಯುವವನು ಗಾಬರಿಯಾಗಿ ಪೈಪು ಕೆಳಗಿಟ್ಟ. "ನಿನಗಲ್ಲಪ್ಪ, ನೀ ಹೊಡಿ," ಎಂದೆ. ಹೋದ ವರ್ಷಕ್ಕಿಂತ ಕಾಲುಭಾಗ ಏರಿಸಿದ್ದರು.

ಇನ್ಶೂರೆನ್ಸ್ ಬೇರೆ, ಇದು ಬೇರೆ. ಗಾಡಿ ಎಲ್ಲಾದರೂ ಡಿಕ್ಕಿ ಹೊಡೆದರೆ ಇನ್ಶೂರೆನ್ಸ್ ಕೆಲಸಕ್ಕೆ ಬರುತ್ತದೆ. ಏನೂ ಆಗದೆ ಗಾಡಿ ತಾನಾಗಿ ದಾರಿಯಲ್ಲಿ ಮುನಿಸಿಕೊಂಡು ನಿಂತರೆ ಈ ಪಾಲಿಸಿ. ಫೋನ್ ಮಾಡಿದರೆ ಮೆಕ್ಯಾನಿಕ್ ಬರುತ್ತಾನೆ. ಅವನ ಕೈಲಾಗದಿದ್ದರೆ ಎತ್ತಿಕೊಂಡು ಹೋಗುವ ಗಾಡಿ ಬರುತ್ತದೆ. ಒಳಗಿದ್ದ ಜನರನ್ನು ಮುಟ್ಟಬೇಕಾದ ಜಾಗಕ್ಕೆ ಮುಟ್ಟಿಸಲು ಇನ್ನೊಂದು ಗಾಡಿ ಬರುತ್ತದೆ. ನನಗೆ ಬೇಕಾಗಿದ್ದದ್ದು ಮುಖ್ಯವಾಗಿ ಈ ಕೊನೆಯದು.

ಯಾಕೆಂದರೆ ನನ್ನ ವ್ಯಾನಿನಲ್ಲಿ ಕೂಡುವವರು ಐದು ಜನ ಕಿಡ್ನಿ ರೋಗಿಗಳು. ಹತ್ತಿರದ ಆಸ್ಪತ್ರೆಯಲ್ಲಿ ಮಷಿನ್ನಿನ ಪಾಳಿ ಸಿಗದ ಇವರನ್ನು ಸುರಪುರ, ಶಹಾಪುರದಿಂದ ವಾರಕ್ಕೆ ಮೂರು ಸಲ ಯಾದಗಿರಿಯ ಡಯಾಲಿಸಿಸ್ ಕೇಂದ್ರಕ್ಕೆ ಒಯ್ದು, ಸಂಜೆ ಮನೆಗೆ ಬಿಡುತ್ತೇನೆ. ನಾನೇ ಮಾಲಕಿ, ನಾನೇ ಡ್ರೈವರ್. ಹೆಣ್ಣುಮಗಳು ವ್ಯಾನ್ ಹೊಡೆಯುತ್ತಾಳೆಂದು ಮೊದಮೊದಲು ಬಸ್ ಸ್ಟ್ಯಾಂಡಿನಲ್ಲಿ ನಿಂತು ನೋಡುತ್ತಿದ್ದವರು ಈಗ ತಮ್ಮ ಮನೆಯ ಮದುವೆಗೆ ಗಾಡಿ ಕೇಳಿಕೊಂಡು ಬರುತ್ತಾರೆ. ಗಾಡಿಗೆ ಮಾತ್ರ ವಯಸ್ಸಾಗಿದೆ. ಇಷ್ಟು ಹಳೆಯ ಗಾಡಿಗೆ ಹೊಸದಾಗಿ ಬ್ರೇಕ್‌ಡೌನ್ ಪಾಲಿಸಿ ಯಾವ ಕಂಪನಿಯೂ ಕೊಡುವುದಿಲ್ಲ. ಇದ್ದದ್ದನ್ನು ಮುಂದುವರಿಸಬಹುದು, ಅಷ್ಟೆ. ಒಂದು ದಿನ ತಪ್ಪಿದರೂ ಅದು ಹೋದಂತೆಯೇ.

ಡೀಸೆಲ್ಲು, ಪಾಲಿಸಿ, ಟೈರು ಎಲ್ಲ ಖರ್ಚನ್ನೂ ಐವರು ಬಂದ ಪಾಳಿಗಳ ಲೆಕ್ಕದಲ್ಲಿ ಪಾಲು ಮಾಡಿ ತಿಂಗಳಿಗೊಮ್ಮೆ ಪಟ್ಟಿ ಎತ್ತುವುದು ನಮ್ಮ ಪದ್ಧತಿ. ಈ ಸಲ ಪಟ್ಟಿ ಸ್ವಲ್ಪ ಏರಬಹುದು ಎಂದು ಮರುದಿನ ಗಾಡಿಯಲ್ಲಿ ಬಾಯಿ ಬಿಟ್ಟೆ. ಐವರಲ್ಲಿ ಒಬ್ಬರಾದ ಶಹಾಪುರದ ಅಜ್ಜಿ, ಚಿಕ್ಕಮ್ಮನೆಂಬಂತೆ ನಾವೆಲ್ಲ ಖಾಲಾ ಎಂದು ಕರೆಯುವವರು, ಇಳಿಯುವಾಗ ಮೆಲ್ಲಗೆ ಅಂದರು: "ಬೇಟಾ, ವಾರಕ್ಕ ಮೂರ ಪಾಳಿ ಯಾಕ ಬೇಕು? ಇನ್ನ ಮ್ಯಾಲ ನಾ ಎರಡೇ ಪಾಳಿ ಬರ್ತೀನಿ. ನೀರು ಕಡಿಮಿ ಕುಡದ್ರ ಆತು."

ಮೂರು ಪಾಳಿ ಎರಡಾದರೆ ಏನಾಗುತ್ತದೆ ಎಂಬುದು ಡಾಕ್ಟರಿಗೆ ಗೊತ್ತಿದ್ದಷ್ಟೇ ನನಗೂ ಗೊತ್ತು. ಒಂದು ಪಾಳಿ ತಪ್ಪಿದವರನ್ನು ಮರುಪಾಳಿಗೆ ಹತ್ತಿಸಿಕೊಳ್ಳುವಾಗ ಅವರ ಮುಖ ಬಾತಿರುತ್ತದೆ, ಎರಡು ಮೆಟ್ಟಿಲು ಏರುವಷ್ಟರಲ್ಲಿ ತೇಕುತ್ತಾರೆ. "ಹುಚ್ಚರಂಗ ಮಾತಾಡಬ್ಯಾಡ್ರಿ ಖಾಲಾ. ರೇಟು ನಾ ಇಳಿಸ್ತೀನಿ," ಎಂದು ಬೈದಂತೆಯೇ ಹೇಳಿದೆ. ಹೇಗೆ ಇಳಿಸುವುದು ಎಂದು ಮಾತ್ರ ಗೊತ್ತಿರಲಿಲ್ಲ.

ಪಾಲಿಸಿ ಕಂಪನಿಗೆ ಮೊದಲ ಫೋನು ನಾನೇ ಮಾಡಿದೆ. ರೋಗಿಗಳೆಲ್ಲ ಒಳಗೆ ಮಷಿನ್ನಿಗೆ ಹತ್ತಿದ್ದರು, ನಾನು ಹೊರಗೆ ಗಾಡಿಯ ನೆರಳಲ್ಲಿ ಕೂತಿದ್ದೆ. ಒಂದನ್ನು ಒತ್ತಿ, ಎರಡನ್ನು ಒತ್ತಿ, ಹಾಡು ಕೇಳಿ ಕೇಳಿ ತಲೆ ಚಿಟ್ಟು ಹಿಡಿದ ಮೇಲೆ ಒಂದು ಹುಡುಗಿಯ ದನಿ ಬಂತು. ನಮ್ಮ ಸೀಮೆಯ ಸೊಗಡು ಒಂದಿಷ್ಟೂ ಇಲ್ಲದ ನಯವಾದ ಕನ್ನಡ.

"ಸಿಸ್ಟಂನಲ್ಲಿ ಇಷ್ಟೇ ತೋರಿಸ್ತಿದೆ ಮೇಡಂ."

"ಸಿಸ್ಟಂ ಬಿಡ್ರಿ, ನೀವು ಎಷ್ಟಕ್ಕ ಕೊಡ್ತೀರಿ ಹೇಳ್ರಿ."

"ನಾವು ಕೊಡೋದಲ್ಲ ಮೇಡಂ, ಅದೇ ಬರುತ್ತೆ."

ಹತ್ತು ಸಲ ಕೇಳಿದೆ, ಹತ್ತು ಸಲವೂ ಅದೇ ಮಾತು. ಕೊನೆಗೆ ನನ್ನ ದನಿ ಏರಿತು, ಅವಳ ದನಿ ಇನ್ನೂ ನಯವಾಯಿತು. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗಾಯಿತು ನನ್ನ ಕತೆ.

ಸಂಜೆ ವಾಪಸು ಬರುವಾಗ ಇದನ್ನೆಲ್ಲ ಕೇಳಿ ಖಾಲಾ ನಕ್ಕರು. ಶಹಾಪುರದ ಬಜಾರದಲ್ಲಿ ಅವರದು ಬಳೆಯ ಅಂಗಡಿ. ಈಗ ಸೊಸೆ ಕೂಡುತ್ತಾಳೆ, ಆದರೆ ಒಂದು ಆಯುಷ್ಯ ಪೂರ್ತಿ ಆ ಗಾದಿಯ ಮೇಲೆ ಕೂತು ಹಳ್ಳಿ ಹಳ್ಳಿಯ ಹೆಂಗಸರ ಜೊತೆ ವ್ಯಾಪಾರ ಮಾಡಿದವರು ಖಾಲಾ. ಡಯಾಲಿಸಿಸ್ಸಿಗೆಂದು ಎಡಗೈಯ ನರ ಜೋಡಿಸಿದ ಮೇಲೆ ಆ ಕೈಗೆ ಬಳೆ ಹಾಕಬಾರದೆಂದು ಡಾಕ್ಟರು ಹೇಳಿದ್ದಾರೆ. ಬಲಗೈಯಲ್ಲಿ ಮಾತ್ರ ಹಸಿರು ಬಳೆ ಗಲಗಲ ಅನ್ನುತ್ತಿರುತ್ತವೆ.

"ನಿನಗ ಸೌದಾ ಮಾಡಾಕ ಬರಂಗಿಲ್ಲ," ಅಂದರು. "ಮಧ್ಯಾಹ್ನ ಯಾರರ ಚೌಕಾಸಿ ಮಾಡ್ತಾರೇನು? ಬೋಣಿ ಟೈಮಿಗೆ ಮಾಡಬೇಕು. ಮುಂಜಾನಿ ಮೊದಲ ಗಿರಾಕಿನ್ನ ಖಾಲಿ ಕೈಲೆ ಕಳಿಸಿದ್ರ ದಿನಪೂರ್ತಿ ದಂಧೆ ಆಗಂಗಿಲ್ಲ. ಅದಕ್ಕ ಹೆದರಿ ಇಳಿಸ್ತಾರ."

ಮುಂದಿನ ಸೀಟಿನಲ್ಲಿ ಕೂಡುವ ರಿಟೈರ್ಡ್ ಮಾಸ್ತರರು ತಿರುಗಿ ನೋಡಿದರು. "ಖಾಲಾ, ಅವ್ರು ಪಗಾರಕ್ಕ ಕುಂತ ಹುಡುಗರ್ರಿ. ಅವ್ರಿಗೆಲ್ಲಿ ಬೋಣಿ?"

"ದುಕಾನ ಅಂದ ಮ್ಯಾಲ ಬೋಣಿ ಇದ್ದ ಇರ್ತದ ಮಾಸ್ತರ್ರ. ನೀವು ಪಾಠ ಹೇಳ್ರಿ, ದಂಧೆ ನನಗ ಬಿಡ್ರಿ."

ಭೀಮಾ ನದಿಯ ಸೇತುವೆಗೆ ಇತ್ತ ಒಂದು ಚಹಾ ಹೋಟೆಲಿದೆ. ಮಾಸ್ತರರು ಗುಳಿಗೆ ನುಂಗಲೆಂದು ಹೋಗುವಾಗ ದಿನಾ ಅಲ್ಲಿ ಐದು ನಿಮಿಷ ನಿಲ್ಲಿಸುತ್ತೇನೆ. ಗಾಡಿ ಓಡುವಾಗ ಫೋನು ಮುಟ್ಟುವುದಿಲ್ಲ ಎಂಬುದು ನಾನೇ ಹಾಕಿಕೊಂಡ ಕಾನೂನು. ಹಾಗಾಗಿ ಮುಂದಿನ ಪಾಳಿಯ ದಿನ ನಮ್ಮ ಚೌಕಾಸಿಯ ಕಟ್ಟೆ ಅದೇ ಆಯಿತು. ಕಂಪನಿಯ ಲೈನು ತೆರೆಯುವ ಹೊತ್ತಿಗೇ ಹಚ್ಚಿ, ಸ್ಪೀಕರಿಗೆ ಹಾಕಿ, ಫೋನನ್ನು ಖಾಲಾ ಕೈಗೆ ಕೊಟ್ಟೆ. ಈ ಸಲ ಬಂದವನು ಒಬ್ಬ ಹುಡುಗ.

"ಬೋಣಿ ಆತೇನಪ್ಪಾ?" ಖಾಲಾ ಕೇಳಿದರು.

"ಏನು ಮೇಡಂ?"

"ಏನಿಲ್ಲ ಬಿಡು. ನಿನ್ನ ಹಳೇ ಗಿರಾಕಿ ಅದೀವಿ. ಛಲೋ ರೇಟ್ ಹೇಳು, ಕೈ ಎತ್ತಿ ದುವಾ ಮಾಡ್ತೀನಿ."

ಹುಡುಗ ನಕ್ಕ. ನಕ್ಕನೆಂದರೆ ಅರ್ಧ ಬಾಗಿಲು ತೆರೆದಂತೆ ಎಂದು ಖಾಲಾ ನನಗೆ ಕಣ್ಣು ಮಿಟುಕಿಸಿದರು. ಅವನು ಒಂದಷ್ಟು ಹೊತ್ತು ಹಾಡು ಕೇಳಿಸಿ, ಮರಳಿ ಬಂದು, ಹಳೇ ಗ್ರಾಹಕರಿಗೆಂದು ಒಂದು ಸಣ್ಣ ರಿಯಾಯಿತಿ ಇದೆ ಎಂದ. ನಿಜವಾಗಿಯೂ ಇಳಿಸಿದ! ನಾನು ಬಾಯಿ ತೆರೆದು ನೋಡುತ್ತಿದ್ದೆ. ಅಷ್ಟಕ್ಕೇ ಸಾಕು ಎಂದು ಸನ್ನೆ ಮಾಡಿದೆ. ಖಾಲಾ ಅಂಗೈ ತೋರಿಸಿ ಸುಮ್ಮನಿರಿಸಿದರು.

"ಇನ್ನಾ ಇಳಿಸು."

"ಇದೇ ಕೊನೆ ಮೇಡಂ."

"ಬ್ಯಾಡ ಬಿಡಪ್ಪ ಹಂಗಾದ್ರ," ಎಂದು ಪಟ್ಟನೆ ಫೋನು ಕತ್ತರಿಸಿಬಿಟ್ಟರು.

"ಖಾಲಾ! ಏನ್ ಮಾಡಿದ್ರಿ?"

"ಎದ್ದು ನಡದೆ. ಈಗ ನೋಡ್ತಿರು, ಮೆಟ್ಟಲ ಇಳಿಯೂದ್ರಾಗ ಕರೀತಾನ."

ನಮ್ಮ ಕಡೆಯ ಬಜಾರದಲ್ಲಿ ಇದು ಎಲ್ಲರಿಗೂ ಗೊತ್ತಿರುವ ಆಟ. ಗಿರಾಕಿ ಎದ್ದು ಚಪ್ಪಲಿ ಮೆಟ್ಟುತ್ತಾನೆ, ಅಂಗಡಿಯವ ನೋಡದವನ ಹಾಗೆ ನೋಡುತ್ತಾನೆ, ಕಡೆಯ ಮೆಟ್ಟಿಲಲ್ಲಿ "ಬರ್ರಿ ಬರ್ರಿ, ಕುಂಡ್ರ್ರಿ" ಎಂದು ಕರೆಯುತ್ತಾನೆ. ಕರೆದ ಮೇಲೆ ಹೋಗದಿದ್ದರೂ ತಪ್ಪು, ಎದ್ದಮೇಲೆ ಕರೆಯದಿದ್ದರೂ ತಪ್ಪು. ನಾನೂ ಇದರಲ್ಲೇ ಬೆಳೆದವಳಾದ್ದರಿಂದ, ಖಾಲಾ ಮಾಡಿದ್ದು ನನಗೂ ಸರಿಯೆಂದೇ ಕಂಡಿತು. ಚಹಾ ಕುಡಿಯುತ್ತ ಕಾದೆವು. ಖಾಲಾಗೆ ಚಹಾ ಇಲ್ಲ, ನೀರಿನ ಲೆಕ್ಕ ಇದೆ. ಬಾಯಾರಿಕೆಗೆಂದು ಒಂದು ಏಲಕ್ಕಿ ಬಾಯಲ್ಲಿ ಹಾಕಿಕೊಂಡು, ಫೋನನ್ನೇ ನೋಡುತ್ತ ಕೂತರು.

ಫೋನು ಬರಲಿಲ್ಲ. ಅವರು ಮಷಿನ್ನಿಗೆ ಹತ್ತಿದ ಮೇಲೂ ಬರಲಿಲ್ಲ. ಇಳಿದು ಹೊರಗೆ ಬಂದವರು, ತಲೆ ತಿರುಗುತ್ತಿದ್ದರೂ ಮೊದಲು ಕೇಳಿದ್ದು, "ಕರದ್ನೇನು?" ಎಂದೇ. ಇಲ್ಲ ಅಂದೆ. "ಎಂಥಾ ದುಕಾನದವ ಇದ್ದಾನ ಇವ," ಎಂದು ಬೈದು ಸೀಟಿಗೆ ಒರಗಿದರು. ಮಾಸ್ತರರು ನಗಲಿಲ್ಲ, ಅದು ಅವರ ದೊಡ್ಡತನ.

ಅದರ ಮುಂದಿನ ಪಾಳಿಯ ದಿನವೇ ಪಾಲಿಸಿಯ ಕೊನೆಯ ದಿನ. ಸೇತುವೆಯ ಬದಿಯಲ್ಲಿ ನಿಲ್ಲಿಸಿ ಹಚ್ಚಿದರೆ ಇನ್ನೊಬ್ಬಳು ಹುಡುಗಿ ಬಂದಳು. ಮೊನ್ನೆ ಹೇಳಿದ ರಿಯಾಯಿತಿ ಕೊಡಿ ಅಂದೆ.

"ಅದು ಆ ಕಾಲ್‌ನಲ್ಲಿ ಮಾತ್ರ ಇತ್ತು ಮೇಡಂ. ಈಗ ತೋರಿಸ್ತಿಲ್ಲ."

ಖಾಲಾ ಮುಖ ಸಣ್ಣದಾಯಿತು. ಕೈಗೆ ಬಂದದ್ದು ತಮ್ಮಿಂದಲೇ ಹೋಯಿತೆಂದು ಅವರಿಗೆ ಗೊತ್ತಾಗಿತ್ತು.

ಅಷ್ಟರಲ್ಲಿ ಆ ಹುಡುಗಿಯೇ ಅಂದಳು: "ಬಜೆಟ್ ಕಡಿಮೆ ಇದ್ರೆ ಬೇಸಿಕ್ ಪ್ಲಾನ್ ಇದೆ ಮೇಡಂ." ಅವಳು ಹೇಳಿದ ದರ ಹೋದ ವರ್ಷದ್ದಕ್ಕಿಂತಲೂ ಎಷ್ಟೋ ಕೆಳಗಿತ್ತು. ಖಾಲಾ ಸೀಟಿನಿಂದ ಅರ್ಧ ಎದ್ದುಬಿಟ್ಟರು. "ನೋಡಿದ್ಯಾ? ನಾ ಎದ್ದು ನಡದಿದ್ದು ಖಾಲಿ ಹೋಗಿಲ್ಲ. ಕಟ್ಟು, ಕಟ್ಟು, ಜಲ್ದಿ ಕಟ್ಟು!" ಹಿಂದಿನ ಸೀಟುಗಳಲ್ಲೂ ಗುಜುಗುಜು ಸಂತೋಷ. ಫೋನಿಗೆ ಲಿಂಕು ಬಂತು. ಬೆರಳು ಅದರ ಮೇಲೆ ಇಟ್ಟೇ ಇದ್ದೆ.

ನಮ್ಮವ್ವ ಜೋಳ ಕೊಳ್ಳುವಾಗ ಒಂದು ಮಾತು ಹೇಳುತ್ತಿದ್ದಳು: ರೇಟು ಇಳಿಸಿದವನ ಕೈ ನೋಡಬೇಡ, ಅಳೆಯುವ ಸೇರು ನೋಡು. ಯಾಕೋ ಕೇಳಿಬಿಟ್ಟೆ: "ಇದ್ರಾಗ ಏನ ಕಡಿಮಿ ಮಾಡೀರಿ?"

ಹುಡುಗಿ ಓದುತ್ತಾ ಹೋದಳು. ಮೆಕ್ಯಾನಿಕ್ ಇದ್ದಾನೆ. ಗಾಡಿ ಎತ್ತಿಕೊಂಡು ಹೋಗುವುದಿದೆ. ಡೀಸೆಲ್ ಮುಗಿದರೆ ತಂದು ಕೊಡುವುದಿದೆ. "ಪ್ಯಾಸೆಂಜರ್ಸ್‌ನ ಮುಂದೆ ಕಳಿಸೋದು ಮಾತ್ರ ಇದರಲ್ಲಿ ಬರಲ್ಲ ಮೇಡಂ. ಅವರು ತಮ್ಮ ವ್ಯವಸ್ಥೆ ತಾವೇ ಮಾಡ್ಕೋಬೇಕು."

ಬೆರಳು ಹಿಂದಕ್ಕೆ ತೆಗೆದೆ. "ಒಂದ ನಿಮಿಷ ತಡೀರಿ," ಎಂದು ನಮ್ಮ ದನಿ ಆಚೆ ಕೇಳಿಸದ ಹಾಗೆ ಮಾಡಿ, "ಇದು ಬ್ಯಾಡ್ರಿ ಖಾಲಾ," ಅಂದೆ.

"ಯಾಕ ಬ್ಯಾಡ?"

"ಗಾಡಿ ಕೆಟ್ಟರ ಗಾಡಿ ಒಯ್ಯಾಕ ಬರ್ತಾರ. ನಿಮ್ಮನ್ನ ಒಯ್ಯಾಕ ಬರಂಗಿಲ್ಲ."

"ವರ್ಸಕ್ಕ ಒಮ್ಮಿ ಕೆಡ್ತದೊ ಇಲ್ಲೊ. ಕೆಟ್ಟರ ಬಸ್ಸಿಗೆ ಹೋಗ್ತೀವಿ. ಹೋದ ವರ್ಸ ಹೋಗಿಲ್ಲೇನು?"

ಹೋಗಿದ್ದರು. ಅದಕ್ಕೇ ನಾನು ಬೇಡವೆಂದದ್ದು. ಹೋದ ವರ್ಷ ಶಹಾಪುರ ದಾಟಿದ ಮೇಲೆ, ಎರಡೂ ಕಡೆ ಹತ್ತಿ ಹೊಲ ಇರುವಲ್ಲಿ ಕ್ಲಚ್ ಪ್ಲೇಟು ಸುಟ್ಟು ವಾಸನೆ ಬಂದು ಗಾಡಿ ನಿಂತಿತ್ತು. ಗೇರು ಬೀಳುತ್ತದೆ, ಗಾಡಿ ಕದಲುವುದಿಲ್ಲ. ಬೆಲ್ಟು, ಫ್ಯೂಸು ಇದ್ದರೆ ನಾನೇ ಹಾಕಿಕೊಳ್ಳುತ್ತೇನೆ, ಕ್ಲಚ್ಚಿಗೆ ಗೇರ್‌ಬಾಕ್ಸ್ ಇಳಿಸಬೇಕು. ಫೋನ್ ಮಾಡಿದೆ. ಗಾಡಿ ಎತ್ತುವವರು ಬಂದರು, ಎತ್ತಿಕೊಂಡು ಹೋದರು. ಜನರಿಗೆಂದು ಹೇಳಿದ್ದ ಗಾಡಿ ಬಂತು, ಬಂತು ಅನ್ನುತ್ತಲೇ ಬಿಸಿಲು ನೆತ್ತಿಗೆ ಬಂತು. ಕೊನೆಗೆ ಬಸ್ಸಿಗೆ ಕೈ ಮಾಡಿ, ಐವರನ್ನೂ ನಿಂತ ಜನರ ನಡುವೆ ತೂರಿಸಿ ಒಯ್ದೆ. ನಾವು ಮುಟ್ಟುವಷ್ಟರಲ್ಲಿ ಪಾಳಿ ಬೇರೆಯವರಿಗೆ ಹೋಗಿತ್ತು. ನಾಲ್ಕು ತಾಸು ಮಷಿನ್ನಿನ ಮೇಲಿರಬೇಕಾದ ಖಾಲಾಗೆ ಸಿಕ್ಕಿದ್ದು ಎರಡು ತಾಸು. ಮರುಪಾಳಿಯವರೆಗೂ ಅವರು ಅಡ್ಡಾಗಲಾರದೆ, ಗೋಡೆಗೆ ಬೆನ್ನು ಕೊಟ್ಟು ಕೂತೇ ಉಸಿರಾಡಿದರೆಂದು ಸೊಸೆ ಹೇಳಿದ್ದಳು. ನಾನು ಕಂಪ್ಲೇಂಟು ಕೊಟ್ಟೆ. "ಕ್ಷಮೆ ಇರಲಿ" ಎಂದು ಒಂದು ಮೆಸೇಜು ಬಂತು.

"ಹೂಂ, ಹೋಗಿದ್ರಿ," ಅಂದೆ. "ಹೋಗಿ ಏನಾತು, ಅದೂ ಹೇಳ್ರಲ್ಲ ಮತ್ತ."

ಖಾಲಾ ಏಲಕ್ಕಿಯ ಸಿಪ್ಪೆಯನ್ನು ಕಿಟಕಿಯಾಚೆ ಉಗುಳಿದರು. ನಾನು ಮನಸ್ಸು ಗಟ್ಟಿ ಮಾಡಿದ್ದೆ: ಏರಿಸಿದ ದರವನ್ನೇ ಕಟ್ಟುವುದು, ಖಾಲಾ ಪಾಲಿನ ಏರಿಕೆಯನ್ನು ನನ್ನ ಮೇಲೆ ಹಾಕಿಕೊಳ್ಳುವುದು, ಅವರಿಗೆ ಹೇಳದಿರುವುದು. ಹುಡುಗಿಗೆ ಹಾಗೆಂದು ಹೇಳಲು ಫೋನು ಎತ್ತುವಷ್ಟರಲ್ಲಿ ಖಾಲಾ ಕೈ ಚಾಚಿದರು.

"ಆಕಿ ಮ್ಯಾಲಿನ ಸಾಹೇಬನ್ನ ಕರಿ ಅನ್ನು. ನಾ ಮಾತಾಡ್ತೀನಿ."

"ಮತ್ತ ಫೋನ್ ಕಟ್ ಮಾಡಂಗಿಲ್ಲ ನೋಡ್ರಿ."

"ಅಲ್ಲಾನ ಆಣೆ, ಮಾಡಂಗಿಲ್ಲ."

ಬಹಳ ಹೊತ್ತಿನ ಮೇಲೆ ಒಬ್ಬ ದೊಡ್ಡ ದನಿಯವರು ಬಂದರು. ಖಾಲಾ ಈ ಸಲ ಬೋಣಿ ಕೇಳಲಿಲ್ಲ, ನಗಲಿಲ್ಲ.

"ನೋಡಪ್ಪಾ, ನಾ ಬಳಿ ಮಾರಾಕಿ. ಗಿರಾಕಿ ಕೈಗೆ ಏರಿಸೂ ಮುಂದ ಬಳಿ ಒಡದ್ರ ಅದರ ರೊಕ್ಕ ನಾ ಕೇಳಂಗಿಲ್ಲ. ಆಕಿ ಕೈ ದಪ್ಪ ಇರಲಿ, ಆಕೀನ ಕೈ ಜಗ್ಗಲಿ, ಒಡದಿದ್ದು ನನ್ನ ನುಕಸಾನ. ಕೈಯಾಗ ಕುಂತ ಬಳಿಗಷ್ಟ ರೊಕ್ಕ. ಹೋದ ವರ್ಸ ನೀವು ನಮ್ಮ ಕೈಗೆ ಬಳಿ ಏರಿಸಾಕ ಬಂದು ಒಡದ್ರಿ. ರೊಕ್ಕ ಪೂರಾ ತಗೊಂಡ್ರಿ. ಈ ವರ್ಸ ಮತ್ತ ಜಾಸ್ತಿ ಕೇಳಾಕತ್ತೀರಿ. ಇದು ಯಾವ ಬಜಾರದ ಕಾನೂನು?"

ನಾನು ಬಗ್ಗಿ, ಹೋದ ವರ್ಷದ ಕಂಪ್ಲೇಂಟು ನೋಡಿ ಸರ್ ಎಂದು ಸೇರಿಸಿದೆ. ಕೀಲಿಮಣೆ ಒತ್ತುವ ಸದ್ದು ಕೇಳಿಸಿತು.

"ಇದೆ. ಕ್ಲೋಸ್ ಆಗಿದೆ ಅಂತ ತೋರಿಸ್ತಿದೆ."

"ಯಾರು ಮುಚ್ಚಿದ್ರು?" ಖಾಲಾ ಕೇಳಿದರು. "ನಾವಂತೂ ಮುಚ್ಚಿಲ್ಲ."

"ಮೇಡಂ, ತಾವು ಯಾರು ಮಾತಾಡ್ತಿರೋದು? ಪಾಲಿಸಿ ತಮ್ಮ ಹೆಸರಲ್ಲಿದೆಯಾ?"

"ಇಲ್ಲಪ್ಪ. ನಿಮ್ಮ ಹುಡುಗಿ ಈಗ ರೇಟು ಇಳಸಾಕ ಒಂದು ಮಾಲು ತಗದ್ಲಲ್ಲ, ಆ ಮಾಲು ನಾನೇ."

ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಳ್ಳತೊಡಗಿದರು. ನನಗೆ ಖಾಲಾ ಮೇಲೆ ಎಷ್ಟು ಹೆಮ್ಮೆಯಾಯಿತೆಂದರೆ, ಎದ್ದು ಅಪ್ಪಿಕೊಳ್ಳಬೇಕೆನಿಸಿತು. ಆಚೆಯವರು "ಲೈನಲ್ಲಿರಿ" ಎಂದರು. ಹಾಡು ಶುರುವಾಯಿತು. ಚಹಾದವನು ಬಂದು ಖಾಲಿ ಲೋಟ ತೆಗೆದುಕೊಂಡು ಹೋದ. ಕೇಂದ್ರಕ್ಕೆ ತಡವಾಗುತ್ತಿದೆ ಎಂದು ಹಿಂದಿನಿಂದ ಯಾರೋ ಅಂದರು, ಇನ್ಯಾರೋ ಸುಮ್ಮನಿರಿಸಿದರು.

ದೊಡ್ಡ ದನಿ ಮರಳಿತು. ಈಗ ಅದು ಸ್ವಲ್ಪ ಮೆತ್ತಗಾಗಿತ್ತು. "ಹೋದ ವರ್ಷದ್ದು ನಮ್ಮ ಕಡೆ ತಪ್ಪೇ. ಆದ್ರೆ ಒಂದು ವರ್ಷದ ಪ್ಲಾನ್‌ನಲ್ಲಿ ಇಳಿಸೋಕೆ ನನ್ನ ಕೈಯಲ್ಲಾಗಲ್ಲ. ಎರಡು ವರ್ಷದ್ದು ತಗೊಂಡ್ರೆ, ಪ್ಯಾಸೆಂಜರ್ಸ್‌ನ ಕಳಿಸೋದೂ ಸೇರಿಸಿ, ಹೋದ ವರ್ಷದ ರೇಟಿಗೇ ಹಾಕಿಕೊಡ್ತೀನಿ. ದುಡ್ಡು ಎರಡು ಕಂತಲ್ಲಿ ಕಟ್ಟಬಹುದು. ಆದ್ರೆ ನಡುವೆ ಬಿಟ್ರೆ ವಾಪಸ್ ಬರಲ್ಲ. ಎಷ್ಟು ವರ್ಷಕ್ಕೆ ಹಾಕ್ಲಿ?"

ಲೆಕ್ಕ ನೋಡಿದರೆ ಇದಕ್ಕಿಂತ ಒಳ್ಳೆಯ ವ್ಯಾಪಾರ ಇರಲಿಲ್ಲ. ಪಟ್ಟಿ ಏರುವುದಿಲ್ಲ, ಜನರೂ ಒಳಗೆ ಬಂದರು. ಹಾಕಿ ಎಂದು ಒಂದೇ ಮಾತು ಹೇಳಿದರೆ ಆಗುತ್ತಿತ್ತು. ನನ್ನ ಬಾಯಿಂದ ಅದು ಹೊರಡಲಿಲ್ಲ. ನನ್ನ ಗಾಡಿಯಲ್ಲಿ ಎರಡು ವರ್ಷ ಎಂಬ ಮಾತು ಯಾರೂ ಆಡುವುದಿಲ್ಲ. ಹಬ್ಬದ ಮಾತು ಬಂದರೆ ಹತ್ತಿರದ ಹಬ್ಬದ್ದು, ಮೊಮ್ಮಗಳ ಮಾತು ಬಂದರೆ ಈಗ ಅವಳು ಓದುತ್ತಿರುವ ಕ್ಲಾಸಿನದು. ಈ ಸೀಟುಗಳಲ್ಲಿ ಮೊದಲು ಕೂಡುತ್ತಿದ್ದ ಕೆಲವರು ಈಗ ಇಲ್ಲ, ಅವರ ಜಾಗದಲ್ಲಿ ಬೇರೆಯವರು ಬಂದಿದ್ದಾರೆ. ಬಂದವರಿಗೂ ಅದು ಗೊತ್ತು. ಕನ್ನಡಿಯಲ್ಲಿ ನೋಡಿದೆ. ಎಲ್ಲರೂ ಎಲ್ಲೆಲ್ಲೋ ನೋಡುತ್ತಿದ್ದರು.

"ಒಂದ ವರ್ಷದ್ದು ಸಾಕೇನೊ ತಂಗಿ," ಮಾಸ್ತರರು ಮೆಲ್ಲಗೆ ಅಂದರು. "ಸುಮ್ನ ನಿನ್ನ ರೊಕ್ಕ ಸಿಕ್ಕಿಬೀಳ್ತದ."

"ಹಲೋ? ಮೇಡಂ? ಒಂದಾ, ಎರಡಾ?"

ಖಾಲಾ ಫೋನನ್ನು ಬಾಯಿಯ ಹತ್ತಿರ ಹಿಡಿದುಕೊಂಡೇ ಇದ್ದರು. ಸೇತುವೆಯ ಕೆಳಗೆ ಹರಿಯುವ ನೀರನ್ನು ನೋಡಿದರು, ಹಿಂದಿನ ಮೂವರನ್ನು ಒಬ್ಬೊಬ್ಬರಾಗಿ ನೋಡಿದರು, ಮಾಸ್ತರರನ್ನು ನೋಡಿದರು. ಆಮೇಲೆ, ಅಂಗಡಿಯ ಗಾದಿಯ ಮೇಲೆ ಕೂತು ಮಾತಾಡುವ ದನಿಯಲ್ಲಿ, ಒಂದೇ ಉಸಿರಿಗೆ ಹೇಳಿದರು:

"ಎರಡ ವರ್ಸದ್ದ ಹಾಕಪ್ಪಾ. ಕೂಡೋರು ನಾವು ಅದೀವಿ."